ಪಟಾಕಿ ಹಚ್ಚುವ ಮುಂಚೆ ನಾಯಿಗೊಂದು ಜಾಗ ಮಾಡಿ

ಗಣೇಶನ ಹಬ್ಬ ಮುಗಿದು ಪಿತೃಪಕ್ಷ ಶುರುವಾಯಿತೆಂದರೆ ಈ ಅಂಕಣಕ್ಕೆ ನಾಯಿಗಳ ಬಗ್ಗೆ ಪತ್ರಗಳು ಒಂದರ ಹಿಂದೆ ಒಂದು ಬರುತ್ತವೆ. 22 ವರ್ಷದಿಂದ ಪ್ರಾಣಿಗಳ ಚಿಕಿತ್ಸೆ ಮಾಡುತ್ತಿದ್ದೇನೆ. ಬಲಿಪಾಡ್ಯಮಿ ಮಾರನೇ ದಿನ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಲು ಜಾಗ ಇರುವುದಿಲ್ಲ. ಅಲ್ಲಿ ಕಾಯುವವರಲ್ಲಿ ಬಹಳ ಜನ ಹೇಳುವ ಮಾತು ಒಂದೇ: "ಮುಂಚೆನೇ ಕೇಳಬೇಕಿತ್ತು ಡಾಕ್ಟ್ರೇ." ಅದಕ್ಕೇ ಈ ಸಲ ಈಗಲೇ ಬರೆಯುತ್ತಿದ್ದೇನೆ. ಮಹಾಲಯ ಅಮಾವಾಸ್ಯೆಯಿಂದ ದೀಪಾವಳಿ ಅಮಾವಾಸ್ಯೆಗೆ ಒಂದು ತಿಂಗಳು. ಹೆದರುವ ನಾಯಿಗೆ ಆ ಒಂದು ತಿಂಗಳು ಬೇಕು. ಹಸು, ಬೆಕ್ಕು, ಗಿಳಿಗಳ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಆ ಓದುಗರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ಹೆಸರು ಚಿನ್ನು. ಹೋದ ದೀಪಾವಳಿಗೆ ಮಂಚದ ಕೆಳಗೆ ಸೇರಿಕೊಂಡಿದ್ದು ಎರಡು ದಿನ ಹೊರಗೆ ಬರಲಿಲ್ಲ, ಊಟ ಮುಟ್ಟಲಿಲ್ಲ, ಅಲ್ಲೇ ಉಚ್ಚೆ ಮಾಡಿಕೊಂಡಿತು. ನಾನು ಪಕ್ಕದಲ್ಲಿ ಕೂತು ತಲೆ ಸವರುತ್ತಿದ್ದರೆ ನಮ್ಮ ಮಾವನವರು, "ಹೀಗೆ ಮುದ್ದು ಮಾಡಿದ್ರೆ ಹೆದರಿಕೆ ಜಾಸ್ತಿ ಆಗುತ್ತೆ, ಸುಮ್ನೆ ಬಿಡಮ್ಮ, ಅದೇ ರೂಢಿ ಆಗುತ್ತೆ" ಅಂದರು. ಯಾವುದು ಸರಿ? ಈ ಸಲ ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನೀವು ಮಾಡಿದ್ದು ಸರಿ. ಮಾವನವರ ಮಾತು ಬಹಳ ಮನೆಗಳಲ್ಲಿ ಕೇಳಿಬರುವ ಮಾತೇ. ಹಿಂದೆ ನಾಯಿ ಪಳಗಿಸುವವರೂ ಹಾಗೇ ಹೇಳುತ್ತಿದ್ದರು. ಆದರೆ ಭಯ ಅನ್ನೋದು ನಾಯಿ ಬೇಕು ಅಂತ ಮಾಡುವ ಚೇಷ್ಟೆ ಅಲ್ಲ, ತಲೆ ಸವರಿದ್ದಕ್ಕೆ ಬಹುಮಾನ ಸಿಕ್ಕಿತೆಂದು ಇನ್ನಷ್ಟು ಹೆದರಲು. ಜ್ವರ ಬಂದ ಮಗುವಿನ ಹಣೆ ಮುಟ್ಟಿದರೆ ಜ್ವರ ಜಾಸ್ತಿ ಆಗುತ್ತದೆಯೇ? ಇದೂ ಹಾಗೇ. ಚಿನ್ನು ತಾನಾಗಿ ಬಂದು ಒರಗಿದರೆ ನಿಧಾನಕ್ಕೆ ಸವರಿ, ಮೆಲ್ಲಗೆ ಮಾತಾಡಿ. ಅದು ಒಬ್ಬಂಟಿಯಾಗಿ ಮುದುರಿ ಮಲಗಬೇಕೆಂದರೆ ಬಿಡಿ, ಆದರೆ ಅದೇ ಕೋಣೆಯಲ್ಲಿ ನೀವಿರಿ. ಮಂಚದ ಕೆಳಗಿಂದ ಎಳೆದು ತೆಗೆಯುವುದನ್ನು ಮಾತ್ರ ಯಾರೂ ಮಾಡಬೇಡಿ.

ರೂಢಿ ಆಗುತ್ತದೆ ಅನ್ನೋದೂ ನಿಜವಲ್ಲ. ಸುಮ್ಮನೆ ಬಿಟ್ಟರೆ ಹೆಚ್ಚಿನ ನಾಯಿಗಳಲ್ಲಿ ಭಯ ವರ್ಷದಿಂದ ವರ್ಷಕ್ಕೆ ಏರುತ್ತದೆ. ಮೊದಲ ವರ್ಷ ಪಟಾಕಿಗೆ ಹೆದರಿದ್ದು ಎರಡನೇ ವರ್ಷ ಗುಡುಗಿಗೆ, ಮೂರನೇ ವರ್ಷ ಕುಕ್ಕರ್ ಸೀಟಿಗೆ ಹೆದರುವುದನ್ನು ನೋಡಿದ್ದೇನೆ. ನಮ್ಮ ಕಿವಿಗೆ ಕೇಳುವುದು 20 ಸಾವಿರ ಹರ್ಟ್ಜ್‌ವರೆಗಿನ ಸದ್ದು, ನಾಯಿಗೆ ಸುಮಾರು 45 ಸಾವಿರದವರೆಗೆ ಕೇಳುತ್ತದೆ. ರಾಕೆಟ್ ಮೇಲೇರುವಾಗಿನ ಸಿಳ್ಳೆ ಅದಕ್ಕೆ ಹೇಗೆ ಕೇಳಬಹುದು ಯೋಚನೆ ಮಾಡಿ. ಜೊತೆಗೆ ಗಂಧಕದ ವಾಸನೆ, ಬೆಳಕಿನ ಚಕಮಕಿ. ಮುಂದಿನ ಸದ್ದು ಯಾವಾಗ, ಎಲ್ಲಿಂದ ಅಂತ ಗೊತ್ತಾಗುವುದೇ ಇಲ್ಲ.

ಕೆಲವು ವರ್ಷದ ಹಿಂದೆ ಹಬ್ಬದ ಬೆಳಿಗ್ಗೆ ಒಂದು ಕುಟುಂಬ ತಮ್ಮ ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಿತ್ತು. ಮುಂಗಾಲಿನ ಮೂರು ಉಗುರು ಬುಡದಿಂದ ಕಿತ್ತು ಬಂದಿದ್ದವು. ಉಳಿದ ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣದ ಚೂರುಗಳು. ಮೊದಲು ರಂಗೋಲಿ ಪುಡಿ ಅಂದುಕೊಂಡೆ. ಚಿಮಟದಿಂದ ತೆಗೆದು ನೋಡಿದರೆ ಬಾಗಿಲಿನ ಪೇಂಟು. ಮನೆಯವರು ಅದನ್ನು ಕೋಣೆಯಲ್ಲಿ ಕೂಡಿ ಹಾಕಿ, ಲಕ್ಷ್ಮೀಪೂಜೆ ಮುಗಿಸಿ, ನೆಂಟರ ಮನೆಗೆ ಊಟಕ್ಕೆ ಹೋಗಿದ್ದರು. ಮೂರು ಗಂಟೆ ಹೊತ್ತು ಅದು ಬಾಗಿಲು ಕೆರೆದಿದೆ. ಅವರು ಕೆಟ್ಟವರಲ್ಲ, ಒಳಗಿದ್ದರೆ ಕ್ಷೇಮ ಅಂದುಕೊಂಡಿದ್ದರು. ಒಳಗೆ ಹಾಕಿದರೆ ಸಾಲದು, ಜೊತೆಗೆ ಒಬ್ಬರು ಇರಬೇಕು. ಆ ಸಂಜೆ ಮನೆಯಲ್ಲಿ ಯಾರು ಉಳಿಯುತ್ತಾರೆ ಅನ್ನುವುದನ್ನು ಹಬ್ಬದ ಸಾಮಾನಿನ ಪಟ್ಟಿ ಬರೆಯುವಾಗಲೇ ತೀರ್ಮಾನ ಮಾಡಿಬಿಡಿ.

ಈಗ ಮಾಡಬೇಕಾದ ಕೆಲಸ. ಮೊಬೈಲಿನಲ್ಲಿ ಪಟಾಕಿ ಸದ್ದಿನ ರೆಕಾರ್ಡಿಂಗ್ ಹಾಕಿ, ಬಹಳ ಸಣ್ಣಗೆ. ಎಷ್ಟು ಸಣ್ಣಗೆ ಅಂದರೆ ಚಿನ್ನು ಒಂದು ಸಲ ಕಿವಿ ನಿಮಿರಿಸಿ ಮತ್ತೆ ಸುಮ್ಮನಾಗಬೇಕು, ಅಷ್ಟೇ. ಸದ್ದು ಶುರುವಾದ ಮೇಲೆ ಬೇಯಿಸಿದ ಕೋಳಿಯ ಚೂರೋ, ಪನೀರ್ ಚೂರೋ, ಅದಕ್ಕೆ ಪ್ರಾಣವಾದದ್ದು ಯಾವುದೋ ಅದನ್ನು ಕೊಡುತ್ತಾ ಹೋಗಿ. ಸದ್ದು ನಿಲ್ಲಿಸಿದಾಗ ತಿಂಡಿಯೂ ನಿಲ್ಲಲಿ. ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಎರಡು ಮೂರು ದಿನಕ್ಕೊಮ್ಮೆ ಒಂದೇ ಒಂದು ಗೆರೆ ಸದ್ದು ಏರಿಸಿ. ಕಿವಿ ಹಿಂದಕ್ಕೆ ಒತ್ತಿಕೊಂಡರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆಯೂ ಆಕಳಿಸಿದರೆ, ಕೋಳಿ ಕೊಟ್ಟರೂ ಮುಖ ತಿರುಗಿಸಿದರೆ ನೀವು ಅವಸರ ಮಾಡಿದ್ದೀರಿ, ಹಿಂದಿನ ಗೆರೆಗೆ ಇಳಿಸಿ. ಒಂದು ತಿಂಗಳಲ್ಲಿ ಭಯ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ದಿನ ಮಂಚದ ಕೆಳಗಿದ್ದ ನಾಯಿ ಎರಡು ಗಂಟೆ ಇದ್ದು ಹೊರಗೆ ಬಂದರೂ ಅದು ದೊಡ್ಡ ಗೆಲುವೇ ಅಲ್ವಾ?

ಜಾಗವನ್ನೂ ಈಗಲೇ ಮಾಡಿ. ರಸ್ತೆ ಕಡೆಗೆ ಕಿಟಕಿ ಇಲ್ಲದ, ಮನೆಯ ಒಳಭಾಗದ ಕೋಣೆ ಒಳ್ಳೆಯದು. ಕೆಲವು ನಾಯಿಗಳಿಗೆ ಬಚ್ಚಲು ಮನೆಯೇ ಇಷ್ಟ, ಗೋಡೆಗಳು ದಪ್ಪ, ನೆಲ ತಣ್ಣಗೆ. ಮಂಚದ ಕೆಳಗೆ ಹಳೆ ಕಂಬಳಿ, ನೀವು ಉಟ್ಟು ಬಿಟ್ಟ ಸೀರೆಯೋ ನೈಟಿಯೋ ಹಾಕಿ, ನಿಮ್ಮ ವಾಸನೆ ಅದಕ್ಕೆ ಧೈರ್ಯ. ದಿನಾ ಒಂದು ಸಲ ಅಲ್ಲೇ ತಿಂಡಿ ಕೊಡಿ. ಹಬ್ಬದ ಹೊತ್ತಿಗೆ ಅದು 'ನನ್ನ ಜಾಗ' ಆಗಿರುತ್ತದೆ.

ಆ ಮೂರು ದಿನ ಸಂಜೆ ಐದರೊಳಗೆ ತಿರುಗಾಡಿಸಿ, ಉಚ್ಚೆ ಕಕ್ಕಸು ಮುಗಿಸಿ, ಆರರೊಳಗೆ ಊಟ ಹಾಕಿ. ಹೊಟ್ಟೆ ತುಂಬಿದ್ದರೆ ಮಂಪರು ಬರುತ್ತದೆ. ಕತ್ತಲಾಗುವ ಮುಂಚೆ ಕಿಟಕಿ ಮುಚ್ಚಿ ದಪ್ಪ ಬೆಡ್‌ಶೀಟ್ ಇಳಿಬಿಡಿ, ಲೈಟ್ ಹಾಕಿರಲಿ, ಆಗ ಹೊರಗಿನ ಮಿಂಚು ಕಾಣುವುದಿಲ್ಲ. ಫ್ಯಾನ್ ಜೋರಾಗಿ ತಿರುಗಲಿ, ಟಿವಿಯೋ ರೇಡಿಯೋನೋ ಹಾಡುತ್ತಿರಲಿ. ಎದೆ ಹೊಟ್ಟೆಯ ಸುತ್ತ ದುಪಟ್ಟಾವನ್ನು ಹಿತವಾಗಿ ಬಿಗಿದರೆ ಕೆಲವು ನಾಯಿಗಳು ಸಮಾಧಾನವಾಗುತ್ತವೆ. ಕೆಲವಕ್ಕೆ ಆಗುವುದಿಲ್ಲ, ಕಿತ್ತುಕೊಳ್ಳಲು ನೋಡಿದರೆ ಬಿಚ್ಚಿಬಿಡಿ. ನರಕ ಚತುರ್ದಶಿಯ ದಿನ ಬೆಳಗಿನ ಜಾವ ಎಣ್ಣೆ ಸ್ನಾನ ಆಗುತ್ತಿದ್ದ ಹಾಗೇ ಮಕ್ಕಳು ಪಟಾಕಿ ಹಚ್ಚುತ್ತಾರೆ, ಅದನ್ನು ಬಹಳ ಜನ ಮರೆಯುತ್ತಾರೆ. ನಾಯಿಯನ್ನು ತಿರುಗಾಡಿಸಲು ಕರೆದೊಯ್ಯುವ ಹೊತ್ತೂ ಅದೇ. ಆವತ್ತು ಬಿಸಿಲು ಬಂದ ಮೇಲೆ ಹೋಗಿ.

ಪ್ರಶ್ನೆ: ನಮ್ಮ ಪಮೇರಿಯನ್‌ಗೆ ಒಂಬತ್ತು ವರ್ಷ. ಎಂಟು ವರ್ಷ ಪಟಾಕಿಗೆ ಏನೂ ಅಂದಿರಲಿಲ್ಲ, ಈಗ ಒಂದು ವರ್ಷದಿಂದ ಬಾಗಿಲು ಬಡಿದರೂ ನಡುಗುತ್ತದೆ. ಪರಿಚಯದವರು ಮನುಷ್ಯರ ನಿದ್ದೆ ಮಾತ್ರೆಯಲ್ಲಿ ಅರ್ಧ ಕೊಡಿ ಎನ್ನುತ್ತಾರೆ. ಕೊಡಬಹುದೇ?
– ಓದುಗರು, ತುಮಕೂರು

ಉತ್ತರ: ಕೊಡಬೇಡಿ. ಐದಾರು ಕಿಲೋ ತೂಗುವ ನಾಯಿಗೆ ಅರ್ಧ ಮಾತ್ರೆ ಅನ್ನುವ ಲೆಕ್ಕ ಯಾರು ಹಾಕಿದ್ದು? ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ನಾಯಿಗೆ ಅಪಾಯ. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ, ಅದಂತೂ ನಾಯಿಗೆ ವಿಷವೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಎಂಟು ವರ್ಷ ಏನೂ ಅಂದಿರಲಿಲ್ಲ' ಅನ್ನುವ ಮಾತು. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಹೆದರಲು ಶುರು ಮಾಡಿದರೆ ಮೊದಲು ನೋವು ಹುಡುಕಬೇಕು. ಬೆಚ್ಚಿದಾಗ ಮೈಯೆಲ್ಲ ಬಿಗಿಯಾಗುತ್ತದೆ. ಸೊಂಟವೋ ಮಂಡಿಯೋ ನೋಯುತ್ತಿದ್ದರೆ ಆ ಬಿಗಿತಕ್ಕೆ ಚುಳಕ್ ಅನ್ನುತ್ತದೆ. ಸದ್ದು ಬಂತು, ನೋವು ಬಂತು. ನಾಯಿ ಎರಡನ್ನೂ ಗಂಟು ಹಾಕಿಕೊಳ್ಳುತ್ತದೆ. ಮೆಟ್ಟಿಲು ಹತ್ತಲು ಹಿಂದೆ ಮುಂದೆ ನೋಡುತ್ತದೆಯೇ, ಎದ್ದ ಕೂಡಲೇ ಕುಂಟುತ್ತದೆಯೇ, ಸೋಫಾ ಮೇಲೆ ಜಿಗಿಯುವುದನ್ನು ಬಿಟ್ಟಿದೆಯೇ, ಗಮನಿಸಿ. ಈ ವಾರವೇ ಡಾಕ್ಟರಿಗೆ ತೋರಿಸಿ. ನೋವಿಗೆ ಔಷಧಿ ಕೊಟ್ಟ ಮೇಲೆ ಭಯ ಅರ್ಧಕ್ಕೆ ಇಳಿದ ನಾಯಿಗಳನ್ನು ನೋಡಿದ್ದೇನೆ.

ಭಯಕ್ಕೇ ಕೊಡುವ ಔಷಧಿಗಳೂ ಇವೆ. ಗ್ಯಾಬಪೆಂಟಿನ್, ಟ್ರಾಜೊಡೋನ್ ನಾವು ಬರೆದುಕೊಡುವ ಸಾಮಾನ್ಯ ಔಷಧಿಗಳು. ಕೊಡುವುದರಲ್ಲಿ ನಾಚಿಕೆ, ತಪ್ಪು ಏನೂ ಇಲ್ಲ. ನಾಯಿಯ ತೂಕ, ಕಿಡ್ನಿ, ಲಿವರ್, ಹೃದಯ ನೋಡಿ ಡೋಸ್ ಹೇಳಬೇಕು, ಆಮೇಲೆ ಗದ್ದಲ ಇಲ್ಲದ ಒಂದು ದಿನ ಮನೆಯಲ್ಲಿ ಕೊಟ್ಟು ನೋಡಬೇಕು. ತೂರಾಡುತ್ತದೆಯೇ, ವಾಂತಿ ಮಾಡುತ್ತದೆಯೇ ಅಂತ ಹಬ್ಬದ ದಿನ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ. ಸದ್ದು ಶುರುವಾಗುವ ಒಂದೆರಡು ಗಂಟೆ ಮುಂಚೆ ಕೊಟ್ಟರೆ ಕೆಲಸ ಮಾಡುತ್ತದೆ. ನಡುಕ ಹತ್ತಿದ ಮೇಲೆ ಕೊಟ್ಟರೆ ಅಷ್ಟಾಗಿ ಹಿಡಿಯುವುದಿಲ್ಲ.

ಇನ್ನೊಂದು ವಿಷಯ. ಏಸಿಪ್ರೋಮಜೀನ್ ಅನ್ನುವ ಹಳೆಯ ಔಷಧಿಯನ್ನು ಈಗಲೂ ಕೆಲವರು ಕೊಡುತ್ತಾರೆ. ಅದನ್ನು ಒಂದನ್ನೇ ಕೊಟ್ಟರೆ ಮೈ ಅಲ್ಲಾಡದೆ ಬಿದ್ದಿರುತ್ತದೆ, ಒಳಗೆ ಹೆದರಿಕೆ ಹಾಗೇ ಇರುತ್ತದೆ. ನೋಡುವವರಿಗೆ ನೆಮ್ಮದಿ, ನಾಯಿಗೆ ನರಕ. ನಿಮ್ಮ ಡಾಕ್ಟರ್ ಅದನ್ನು ಬರೆದರೆ 'ಬೇರೆ ಏನಾದರೂ ಇದೆಯಾ' ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮದು ತೋಟದ ಮನೆ. ನಾಡ ನಾಯಿ ರಾಜ ಕೊಟ್ಟಿಗೆ ಹತ್ತಿರ ಸರಪಳಿಯಲ್ಲಿ ಇರುತ್ತಾನೆ, ರಾತ್ರಿ ಬಿಡುತ್ತೇವೆ. ಹೋದ ವರ್ಷ ಗೋಪೂಜೆ ದಿನ ಪಟಾಕಿ ಸದ್ದಿಗೆ ಸರಪಳಿ ಕಿತ್ತುಕೊಂಡು ಓಡಿಹೋಗಿ ನಾಲ್ಕು ದಿನದ ಮೇಲೆ ಬಂದ. ಈ ಸಲ ಗಟ್ಟಿ ಸರಪಳಿ ತರಬೇಕು ಅಂತಿದ್ದೇವೆ.
– ಓದುಗರು, ಸಾಗರ ತಾಲ್ಲೂಕು

ಉತ್ತರ: ದಯವಿಟ್ಟು ತರಬೇಡಿ. ಸರಪಳಿ ಕಿತ್ತು ಬಂದದ್ದು ರಾಜನ ಪುಣ್ಯ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲೂ ಒಂದು ಕರಿ ನಾಯಿ ಇತ್ತು. ದೀಪಾವಳಿ ರಾತ್ರಿ ಅದನ್ನು ಹಿತ್ತಲಿನ ನುಗ್ಗೆ ಮರಕ್ಕೆ ಕಟ್ಟಿದ್ದೆವು. ಹೆದರಿ ಕಾಂಪೌಂಡ್ ಹಾರಿದೆ. ಸರಪಳಿ ಈ ಕಡೆ, ನಾಯಿ ಆ ಕಡೆ. ಬೆಳಿಗ್ಗೆ ಹಾಲು ಕರೆಯಲು ಹೋದ ಅಮ್ಮ ಕೂಗಿದ್ದು ಈಗಲೂ ಕಿವಿಯಲ್ಲಿದೆ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಆ ಬೆಳಿಗ್ಗೆಯೂ ಒಂದು ಕಾರಣ. ಹಬ್ಬದ ರಾತ್ರಿ ಯಾವ ನಾಯಿಯನ್ನೂ ಸರಪಳಿಯಲ್ಲಿ ಬಿಡಬೇಡಿ, ಅದೂ ಗೋಡೆ, ಗೇಟು, ಬಾವಿಕಟ್ಟೆ ಹತ್ತಿರ.

ನಾಯಿಯನ್ನು ಮನೆ ಒಳಗೆ ಬಿಡದ ಮನೆಗಳಿವೆ, ಹಬ್ಬದ ಮಡಿ ಇರುತ್ತದೆ, ನನಗೆ ಗೊತ್ತು. ಹಾಗಿದ್ದರೆ ಸೌದೆ ಕೊಟ್ಟಿಗೆಯೋ ಅಡಿಕೆ ಇಡುವ ಕೋಣೆಯೋ ಖಾಲಿ ಮಾಡಿ ಬಾಗಿಲು ಹಾಕುವ ಹಾಗಿರಲಿ. ನೆಲಕ್ಕೆ ಹುಲ್ಲು, ಗೋಣಿಚೀಲ, ಒಂದು ಬೋಗುಣಿ ನೀರು. ಗೊಬ್ಬರದ ಚೀಲ, ತೋಟಕ್ಕೆ ಹೊಡೆಯುವ ಔಷಧಿ, ಇಲಿ ಪಾಷಾಣ ಅಲ್ಲಿದ್ದರೆ ಮೊದಲು ತೆಗೆಯಿರಿ. ಮನೆಯವರಲ್ಲಿ ಒಬ್ಬರು ಆಗಾಗ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಹಸುವಿಗೆ ಸ್ನಾನ ಮಾಡಿಸಿ, ಕೊಂಬಿಗೆ ಬಣ್ಣ ಹಚ್ಚಿ, ಚೆಂಡು ಹೂವಿನ ಹಾರ ಹಾಕುವ ದಿನ ಅದು. ರಾಜನಿಗೂ ಅರ್ಧ ಗಂಟೆ ಸಿಗಲಿ. ಕೊಟ್ಟಿಗೆ ಹತ್ತಿರ ಪಟಾಕಿ ಹಚ್ಚದಿದ್ದರೆ ಹಸುಗಳಿಗೂ ಒಳ್ಳೆಯದು.

ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಹಾಕಿಸಿ. ಸಿಗದಿದ್ದರೆ ಅಳಿಸದ ಮಾರ್ಕರ್ ಪೆನ್ನಿನಲ್ಲಿ ಪಟ್ಟಿಯ ಮೇಲೇ ಬರೆಯಿರಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಇರಲಿ, ಜಾಸ್ತಿಯಾದರೆ ತಲೆ ಜಾರಿಸಿಕೊಂಡು ಓಡುತ್ತದೆ. ಪೇಟೆಯವರು ಮೈಕ್ರೋಚಿಪ್ ಕೂಡ ಹಾಕಿಸಬಹುದು. ಅಕ್ಕಿ ಕಾಳಿನಷ್ಟು ದೊಡ್ಡದು, ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ, 15 ಅಂಕಿಯ ನಂಬರ್ ಇರುತ್ತದೆ. ತಪ್ಪಿಸಿಕೊಂಡ ನಾಯಿ ಹೆದರಿರುತ್ತದೆ, ಅದರ ಹಿಂದೆ ಕೂಗುತ್ತಾ ಓಡಿದರೆ ಇನ್ನೂ ದೂರ ಹೋಗುತ್ತದೆ. ಕೂತು, ಪಕ್ಕಕ್ಕೆ ತಿರುಗಿ, ದಿನಾ ಕರೆಯುವ ದನಿಯಲ್ಲಿ ಕರೆಯಿರಿ. ರಾತ್ರಿ ಮನೆ ಮುಂದೆ ಅದರ ಗೋಣಿಚೀಲ, ಅನ್ನದ ತಟ್ಟೆ ಇಡಿ. ಸದ್ದು ಅಡಗಿದ ಮೇಲೆ, ಬೆಳಗಿನ ಜಾವದ ಹೊತ್ತಿಗೆ ಎಷ್ಟೋ ನಾಯಿಗಳು ತಾವಾಗಿ ಬರುತ್ತವೆ.

ಪ್ರಶ್ನೆ: ಹಬ್ಬದ ಅಡುಗೆಯಲ್ಲಿ ನಾಯಿಗೆ ಏನು ಕೊಡಬಹುದು, ಏನು ಕೊಡಬಾರದು? ನಮ್ಮತ್ತೆ ಹೋಳಿಗೆ ಮೊದಲು ಅದಕ್ಕೇ ಹಾಕುತ್ತಾರೆ, ಪಾಪ ಅಂತ.
– ಓದುಗರು, ಮೈಸೂರು

ಉತ್ತರ: ಅತ್ತೆಯವರ ಮನಸ್ಸು ದೊಡ್ಡದು. ಬೇಳೆ ಬೆಲ್ಲದ ಹೋಳಿಗೆಯ ಒಂದು ಚೂರು ವಿಷವಲ್ಲ, ಅದರ ಮೇಲೆ ಸುರಿಯುವ ತುಪ್ಪದ್ದು ತೊಂದರೆ. ತುಪ್ಪ, ಕರಿದ ಕಜ್ಜಾಯ, ಚಕ್ಕುಲಿ, ಮಟನ್ ಕೊಬ್ಬು ಒಂದೇ ಸಲ ಜಾಸ್ತಿ ಹೊಟ್ಟೆಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ನಾಯಿ ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಮೇಲಿಂದ ಮೇಲೆ ವಾಂತಿ ಮಾಡುತ್ತದೆ, ಹೊಟ್ಟೆ ಮುಟ್ಟಲು ಬಿಡುವುದಿಲ್ಲ. ಪ್ರಾಣಕ್ಕೂ ಕುತ್ತು ಬರಬಹುದು.

ಒಣದ್ರಾಕ್ಷಿ ಮಾತ್ರ ಒಂದೂ ಬೇಡ. ಪಾಯಸ, ಕೇಸರಿಬಾತ್, ಲಾಡು, ಎಲ್ಲದರಲ್ಲೂ ಅದು ಇರುತ್ತದೆ, ತಟ್ಟೆ ಬಳಿದು ನಾಯಿಗೆ ಹಾಕುವಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸುತ್ತವೆ. ಒಂದು ನಾಯಿಗೆ ಹಿಡಿ ತಿಂದರೂ ಏನೂ ಆಗದೆ ಹೋಗಬಹುದು, ಇನ್ನೊಂದಕ್ಕೆ ನಾಲ್ಕೇ ಸಾಕಾಗಬಹುದು. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲ. ತಿಂದಿದ್ದು ಗೊತ್ತಾದರೆ ವಾಂತಿಯಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ಎರಡು ದಿನದ ಮೇಲೆ ಉಚ್ಚೆ ನಿಂತು ಬಂದ ನಾಯಿಯನ್ನು ಉಳಿಸುವುದು ಬಹಳ ಕಷ್ಟ.

ಈರುಳ್ಳಿ ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಪುಡಿ ಮಾಡಿದರೂ ಅಷ್ಟೇ. ಹಾಗಾಗಿ ಪಲಾವ್, ಸಾರು, ಬಿರಿಯಾನಿ ಬೇಡ. ಚಾಕೊಲೇಟ್ ಕಪ್ಪಾದಷ್ಟೂ ಕೆಟ್ಟದ್ದು, ಅದರಲ್ಲಿರುವ ಥಿಯೋಬ್ರೋಮಿನ್ ಎದೆಬಡಿತ ಏರಿಸುತ್ತದೆ, ಫಿಟ್ಸ್ ಬರಬಹುದು. ಸಕ್ಕರೆ ಇಲ್ಲದ ಸಿಹಿ ಅಂತ ಸಿಗುವ ಡಬ್ಬಿಗಳಲ್ಲಿ, ಚೂಯಿಂಗ್ ಗಮ್‌ನಲ್ಲಿ ಮೇಲೆ ಹೇಳಿದ ಕ್ಸೈಲಿಟಾಲ್ ಇರಬಹುದು, ತಿಂದ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು. ಮಾಂಸದೂಟ ಮಾಡುವ ಮನೆಗಳಲ್ಲಿ ಬೆಂದ ಮೂಳೆ ಹಾಕಬೇಡಿ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಅಡುಗೆ ಅಲ್ಲದ್ದೂ ಇವೆ. ದೇವರ ಮನೆಯ ಕರ್ಪೂರದ ಡಬ್ಬಿ, ಹಬ್ಬಕ್ಕೆ ಬೀರು ಕ್ಲೀನ್ ಮಾಡುವಾಗ ಉರುಳಿ ಬೀಳುವ ನುಸಿಗುಳಿಗೆ, ಎರಡೂ ನಾಯಿಗೆ ವಿಷ. ಹಣತೆಯನ್ನು ಎತ್ತರದಲ್ಲಿಡಿ, ಬಾಲ ಬೀಸಿದರೆ ಸಾಕು ಎಣ್ಣೆ ಚೆಲ್ಲಿ ಬೆಂಕಿ.

ಅತ್ತೆಯವರಿಗೆ ಕೊಡಲೇಬೇಕು ಅನ್ನಿಸಿದರೆ ಉಪ್ಪು ಖಾರ ಇಲ್ಲದೆ ಬೇಯಿಸಿದ ಸಿಹಿಗುಂಬಳ, ಗೆಣಸು, ಒಂದು ಮೊಟ್ಟೆ, ಒಗ್ಗರಣೆ ಹಾಕದ ಮೊಸರನ್ನ ಕೊಡಲಿ. ಹಬ್ಬದ ದಿನ ಬಾಳೆ ಎಲೆಯ ತುಂಡಿನ ಮೇಲೆ ಅದನ್ನೇ ಹಾಕಲಿ, ನಾಯಿಗೂ ಖುಷಿ, ಅವರಿಗೂ ಖುಷಿ. ಎಲೆಯನ್ನು ಮಾತ್ರ ಆಮೇಲೆ ತೆಗೆದುಬಿಡಿ.

ಪ್ರಶ್ನೆ: ನಮ್ಮಲ್ಲಿ ಕ್ರಿಸ್‌ಮಸ್ ದೊಡ್ಡ ಹಬ್ಬ. ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆಯಿಂದ ನಮ್ಮ ಬೀಗಲ್ ಕೇಕ್ ಕದಿಯುತ್ತದೆ. ಪರವಾಗಿಲ್ಲವೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ, ಅದು ಅಪಾಯ. ಪ್ಲಮ್ ಕೇಕ್ ಅಂದರೆ ರಮ್ಮಿನಲ್ಲಿ ನೆನೆದ ಒಣದ್ರಾಕ್ಷಿ, ಎರಡೂ ನಾಯಿಗೆ ಆಗದ್ದು. ತಟ್ಟೆ ನೆರೆಮನೆಗೆ ಹೋಗುವವರೆಗೂ ಕಪಾಟಿನ ಒಳಗಿರಲಿ. ನಕ್ಷತ್ರದ ದೀಪದ ವೈರು, ಮರಕ್ಕೆ ಸುತ್ತುವ ಮಿಂಚಿನ ದಾರ ಕೂಡ ಬಾಯಿಗೆ ಸಿಗಬಾರದು. ದಾರ ನುಂಗಿದರೆ ಕರುಳು ಸುರುಳಿಯಂತೆ ಮುದುಡುತ್ತದೆ, ಆಪರೇಷನ್ ಮಾಡಬೇಕಾಗುತ್ತದೆ. ಹಿಂಭಾಗದಿಂದ ದಾರ ಇಣುಕಿದರೆ ನೀವು ಎಳೆಯಬೇಡಿ.

ಪ್ರಶ್ನೆ: ಮಕ್ಕಳು ಎಸೆದ ಪಟಾಕಿಯನ್ನು ಚೆಂಡು ಅಂದುಕೊಂಡು ನಮ್ಮ ನಾಯಿ ಕಚ್ಚಲು ಹೋಗಿ ತುಟಿ ಸುಟ್ಟುಕೊಂಡಿತ್ತು. ಅರಿಶಿನ ಹಚ್ಚಿದೆವು. ಸರಿಯೇ? ಹಾಗಾದಾಗ ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಅರಿಶಿನ, ಟೂತ್‌ಪೇಸ್ಟ್, ಕಾಫಿಪುಡಿ, ಮಂಜುಗಡ್ಡೆ ಯಾವುದೂ ಬೇಡ. ನಲ್ಲಿ ನೀರು, ಅಷ್ಟೇ. ಹತ್ತು ಹದಿನೈದು ನಿಮಿಷ ಮೆಲ್ಲಗೆ ಹರಿಯಲಿ. ಗಡಿಯಾರ ನೋಡಿಕೊಂಡು ಮಾಡಿ, ಗಾಬರಿಯಲ್ಲಿ ಎರಡು ನಿಮಿಷಕ್ಕೇ ನಿಲ್ಲಿಸಿಬಿಡುತ್ತೇವೆ. ಆಮೇಲೆ ಒದ್ದೆ ಮಾಡಿದ ಶುಭ್ರ ಹತ್ತಿ ಬಟ್ಟೆ ಹೊದಿಸಿ ಡಾಕ್ಟರ ಹತ್ತಿರ. ಸುಟ್ಟ ಗಾಯ ಮೊದಲ ದಿನ ಸಣ್ಣದಾಗಿ ಕಂಡು ಮೂರನೇ ದಿನ ದೊಡ್ಡದಾಗುತ್ತದೆ. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು, ಮುಖವನ್ನು ಹತ್ತಿರ ಒಯ್ಯಬೇಡಿ. ಕಣ್ಣಿಗೆ ಕಿಡಿ ಹಾರಿದ್ದರೆ ಶುಭ್ರ ನೀರಿನಲ್ಲಿ ತೊಳೆದು, ಉಜ್ಜಿಕೊಳ್ಳಲು ಬಿಡದೆ ಅದೇ ದಿನ ತೋರಿಸಿ.

ಪಟಾಕಿಯನ್ನೇ ನುಂಗಿದ್ದರೆ ಅದು ಇನ್ನೂ ದೊಡ್ಡ ವಿಷಯ. ಅದರ ಮದ್ದಿನಲ್ಲಿ ಬೇರಿಯಂ ಇದ್ದರೆ ರಕ್ತದ ಪೊಟ್ಯಾಸಿಯಂ ಇಳಿದು ಕಾಲಿನ ಶಕ್ತಿ ಹೋಗುತ್ತದೆ, ಉಸಿರಾಟಕ್ಕೂ ತೊಂದರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಡಬ್ಬಿಯನ್ನು ಜೊತೆಗೆ ತನ್ನಿ. ಮಾರನೇ ದಿನ ಬೆಳಿಗ್ಗೆ ನಾಯಿ ಹೊರಗೆ ಹೋಗುವ ಮುಂಚೆ ಅಂಗಳ ಗುಡಿಸಿ, ಟುಸ್ ಆಗಿ ಉಳಿದ ಪಟಾಕಿಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ.

ರಾತ್ರಿ ಹೊತ್ತು ತೆರೆದಿರುವ ಆಸ್ಪತ್ರೆ ಯಾವುದು, ಹಬ್ಬದ ಮೂರು ದಿನ ಇರುತ್ತದೆಯೇ ಅಂತ ಈಗಲೇ ಫೋನ್ ಮಾಡಿ ಕೇಳಿಕೊಂಡು ನಂಬರನ್ನು ಫ್ರಿಜ್ ಮೇಲೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದವರು ಅಲ್ಲೂ ವಿಚಾರಿಸಬಹುದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಒಂದು ಗಂಟೆವರೆಗೂ ಆಟಂ ಬಾಂಬ್ ಹೊಡೆಯುತ್ತಾರೆ. ಕೇಳಿದರೆ 'ನಿಮ್ಮ ನಾಯಿಗೋಸ್ಕರ ನಾವು ಹಬ್ಬ ಬಿಡಬೇಕಾ' ಅಂತಾರೆ.
– ಓದುಗರು, ಬೆಂಗಳೂರು

ಉತ್ತರ: ಹಬ್ಬ ಬಿಡಬೇಕಿಲ್ಲ, ಹೊತ್ತು ನೋಡಿಕೊಂಡರೆ ಸಾಕು. ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹಸಿರು ಪಟಾಕಿ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿಗೆ ಅದಕ್ಕೂ ಮುಂಚಿನಿಂದಲೇ ನಿಷೇಧ ಇದೆ. ಹತ್ತು ಗಂಟೆಯ ಮೇಲೆ ನಡೆದರೆ 112ಕ್ಕೆ ಫೋನ್ ಮಾಡಿ. ಆದರೆ ಅದಕ್ಕೂ ಮೊದಲು, ಈ ವಾರವೇ, ನಿಮ್ಮ ಸಂಘದವರ ಜೊತೆ ಕೂತು ಮಾತಾಡಿ. ಪಟಾಕಿಗೆ ಒಂದೇ ಜಾಗ, ಒಂದೇ ಹೊತ್ತು ಅಂತ ಗೊತ್ತು ಮಾಡಿಸಿ. ಹಸುಗೂಸು, ಹೃದಯದ ತೊಂದರೆ ಇರುವ ಹಿರಿಯರು, ಉಬ್ಬಸದವರು ಇರುವ ಮನೆಗಳವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೂ ಇದೇ ಬೇಕಾಗಿರುತ್ತದೆ, ಕೇಳಲು ಸಂಕೋಚ ಪಡುತ್ತಿರುತ್ತಾರೆ.

ಪ್ರಶ್ನೆ: ಹಬ್ಬಕ್ಕೆ ಮನೆತುಂಬ ನೆಂಟರು, ಆರು ಮಕ್ಕಳು. ನಮ್ಮ ನಾಯಿ ಇದುವರೆಗೆ ಯಾರಿಗೂ ಕಚ್ಚಿಲ್ಲ. ಆದರೂ ಹೆದರಿಕೆ.
– ಓದುಗರು, ಮಂಡ್ಯ

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ಪಟಾಕಿಗೆ ನಡುಗುತ್ತಿರುವ ನಾಯಿಯನ್ನು ಐದು ವರ್ಷದ ಮಗು ಪ್ರೀತಿಯಿಂದ ತಬ್ಬಿಕೊಂಡರೂ ಅದು ಬಾಯಿ ಹಾಕಬಹುದು. ನಾಯಿ ಇರುವ ಕೋಣೆಗೆ ಮಕ್ಕಳು ಹೋಗಬಾರದು, ಉಣ್ಣುವಾಗ ಮಲಗಿದಾಗ ಮುಟ್ಟಬಾರದು, ಈ ಎರಡು ಮಾತನ್ನು ನೆಂಟರು ಚಪ್ಪಲಿ ಬಿಡುವಾಗಲೇ ಹೇಳಿಬಿಡಿ. ಬಂದವರು ಹೋದವರು ಗೇಟು ಹಾಕಿದ್ದಾರಾ ಅಂತ ನೋಡಲು ಮನೆಯ ಒಬ್ಬ ದೊಡ್ಡ ಹುಡುಗನಿಗೆ ಜವಾಬ್ದಾರಿ ಕೊಡಿ. ರೇಬಿಸ್ ಲಸಿಕೆ ಬಾಕಿ ಇದ್ದರೆ ಹಬ್ಬದ ಮುಂಚೆ ಹಾಕಿಸಿ.

ಪ್ರಶ್ನೆ: ಡಾಕ್ಟರ್ ಅಂಕಲ್, ನಾನು 7ನೇ ಕ್ಲಾಸು. ನಮ್ಮ ಮನೆಯಲ್ಲಿ ನಾಯಿ ಸಾಕಲು ಬಿಡಲ್ಲ. ಬೀದಿಯಲ್ಲಿ ಒಂದು ತಾಯಿ ನಾಯಿ, ಮೂರು ಮರಿ ಇವೆ. ದೀಪಾವಳಿಗೆ ಅವು ಏನು ಮಾಡ್ತವೆ? ನಾನೇನು ಮಾಡಬಹುದು?
– ಪುಟ್ಟ ಓದುಗರು, ಕಲಬುರಗಿ

ಉತ್ತರ: ಪುಟ್ಟಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲು ನಿನಗೆ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ನರಕ ಚತುರ್ದಶಿ ಮಾಡುವ ದಿನವೇ ನೇಪಾಳದಲ್ಲಿ ನಾಯಿಗಳ ಹಬ್ಬ. ಕುಕುರ್ ತಿಹಾರ್ ಅಂತ ಹೆಸರು. ಆವತ್ತು ಮನೆ ನಾಯಿ, ಬೀದಿ ನಾಯಿ ಎಲ್ಲದಕ್ಕೂ ಹಣೆಗೆ ತಿಲಕ ಇಟ್ಟು, ಕೊರಳಿಗೆ ಚೆಂಡು ಹೂವಿನ ಮಾಲೆ ಹಾಕಿ ಊಟ ಬಡಿಸುತ್ತಾರೆ.

ನೀನು ಮಾಡಬಹುದಾದದ್ದು ಬೇಕಾದಷ್ಟಿದೆ. ತಾಯಿ ನಾಯಿ ಮರಿಗಳನ್ನು ಎಲ್ಲಿ ಮಲಗಿಸುತ್ತದೆ ಅಂತ ದೂರದಿಂದ ನೋಡಿಕೊ. ಮರಿ ಇರುವ ತಾಯಿಯ ಹತ್ತಿರ ಹೋಗಬೇಡ, ಮರಿಗಳನ್ನು ಎತ್ತಬೇಡ, ಅದಕ್ಕೆ ಕೋಪ ಬರುತ್ತದೆ. ಅಪ್ಪನನ್ನೋ ಅಮ್ಮನನ್ನೋ ಕೇಳಿ, ಮೆಟ್ಟಿಲ ಕೆಳಗೋ ಕಾರ್ ನಿಲ್ಲಿಸುವ ಜಾಗದ ಮೂಲೆಯಲ್ಲೋ ಎರಡು ಗೋಣಿಚೀಲ ಹಾಸಲು ಹೇಳು, ಮೂರು ಕಡೆ ಗೋಡೆ ಇರುವ ಮೂಲೆ ಆದರೆ ಇನ್ನೂ ಒಳ್ಳೆಯದು. ಹಬ್ಬಕ್ಕೆ ಒಂದು ವಾರ ಮುಂಚೆಯೇ ಹಾಸಿದರೆ ಅವಕ್ಕೆ ಆ ಜಾಗ ಗೊತ್ತಾಗಿರುತ್ತದೆ. ಸಂಜೆ ಐದಕ್ಕೆ ಅಲ್ಲೇ ಅನ್ನ ಇಡಿ, ಮಣ್ಣಿನ ಬೋಗುಣಿಯಲ್ಲಿ ನೀರು ಇಡಿ. ಕಾರು ಹೊರಡುವ ಮುಂಚೆ ಅಡಿಯಲ್ಲಿ ಬಗ್ಗಿ ನೋಡಲು ಬೀದಿಯವರಿಗೆಲ್ಲ ಹೇಳು, ಹೆದರಿದ ಮರಿಗಳು ಅಲ್ಲೇ ಅಡಗುತ್ತವೆ.

ಯಾರಾದರೂ ನಾಯಿ ಬಾಲಕ್ಕೆ ಪಟಾಕಿ ಕಟ್ಟಿದರೆ ನೀನು ಜಗಳಕ್ಕೆ ಹೋಗಬೇಡ, ಓಡಿ ಬಂದು ದೊಡ್ಡವರಿಗೆ ಹೇಳು. ಅದು ಅಪರಾಧ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾನೂನು ನಮ್ಮ ದೇಶದಲ್ಲಿ 1960ರಿಂದಲೇ ಇದೆ, ದೊಡ್ಡವರು ಪೊಲೀಸರಿಗೆ ದೂರು ಕೊಡಬಹುದು.

ಹಬ್ಬ ಮುಗಿದ ಮೇಲೆ ಮೂರು ಮರಿಗಳೂ ಹೇಗಿವೆ ಅಂತ ನನಗೆ ಬರಿ. ಅಮ್ಮನ ಹತ್ತಿರ ಈ ಪುಟ ತೋರಿಸಿ ಗೋಣಿಚೀಲ ಇವತ್ತೇ ತೆಗೆದಿಡು.